ಪ್ರಿವ್ಯೂ ವಿಂಡೋಸ್ ಕೈಕೊಟ್ಟಾಗ: ಹುಡುಕುವುದು, ತಿದ್ದುವುದು, ವಾಪಸ್ ಬರುವುದು

ಪ್ರಿವ್ಯೂ ವಿಂಡೋಸ್‌ನ ಹೊಸ ಬಿಲ್ಡ್, ಅಂದರೆ ನಂಬರ್ ಹಾಕಿ ಬಿಡುವ ಹೊಸ ಪರೀಕ್ಷಾ ಪ್ರತಿ, ಇನ್‌ಸ್ಟಾಲ್ ಆಯ್ತು, ರೀಸ್ಟಾರ್ಟ್ ಆಯ್ತು, ಸ್ಪೀಕರ್‌ನಿಂದ ಸದ್ದೇ ಇಲ್ಲ. ತಪ್ಪು ಯಾರದು? ಬಿಲ್ಡ್‌ನದಾ? ಸ್ಪೀಕರ್‌ನಂಥ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್‌ನದಾ? ಇಲ್ಲಾ ಮೊನ್ನೆ ರಾತ್ರಿ ನೀವೇ ಏನೋ ಸೆಟ್ಟಿಂಗ್ ಕೆದಕಿದ್ದರ ಫಲವಾ?

ಬಿಡುಗಡೆಗೆ ಮುಂಚಿನ ಆಪರೇಟಿಂಗ್ ಸಿಸ್ಟಂ ಬಳಸುವವರ ತಲೆನೋವೆಲ್ಲ ಈ ಮೂರರಲ್ಲಿ ಒಂದನ್ನು ಹಿಡಿಯುವುದರಲ್ಲೇ ಇದೆ. ಕಳ್ಳ ಯಾರು ಅಂತ ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಈ ಮಾರ್ಗದರ್ಶಿ ವಿಂಡೋಸ್ 11ರ ಇನ್‌ಸೈಡರ್ ಬಿಲ್ಡ್‌ಗಳನ್ನು, ಅಂದರೆ ಬಿಡುಗಡೆಗೆ ಮುಂಚೆ ಆಸಕ್ತರಿಗೆ ಪರೀಕ್ಷೆಗೆ ಕೊಡುವ ಬಿಲ್ಡ್‌ಗಳನ್ನು ಇಟ್ಟುಕೊಂಡು ಬರೆದದ್ದು. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಯಾವ ಚಾನೆಲ್?

ಮೈಕ್ರೋಸಾಫ್ಟ್ ಈ ಇನ್‌ಸೈಡರ್ ಕಾರ್ಯಕ್ರಮ ಶುರು ಮಾಡಿದ್ದು 2014ರಲ್ಲಿ, ವಿಂಡೋಸ್ 10ರ ಟೆಕ್ನಿಕಲ್ ಪ್ರಿವ್ಯೂ ಜೊತೆ. ಬಿಲ್ಡ್‌ಗಳು ಬರುವ ಬೇರೆ ಬೇರೆ ಸಾಲುಗಳಿಗೆ ಚಾನೆಲ್ ಅನ್ನುತ್ತಾರೆ, ಅವುಗಳ ಹೆಸರು ಆಗಾಗ ಬದಲಾಗುತ್ತಲೇ ಬಂದಿವೆ. ಕೆನರಿ, ಡೆವ್, ಬೀಟಾ, ರಿಲೀಸ್ ಪ್ರಿವ್ಯೂ ಅನ್ನುವ ನಾಲ್ಕು ಹೆಸರುಗಳು ತುಂಬ ಜನಕ್ಕೆ ಗೊತ್ತು. ಕೆನರಿ ಅಂದರೆ ಅಡುಗೆ ಇನ್ನೂ ಒಲೆ ಮೇಲೆ ಕುದಿಯುತ್ತಿದೆ ಅಂತ. ರಿಲೀಸ್ ಪ್ರಿವ್ಯೂ ಅಂದರೆ ಎಲೆಗೆ ಬಡಿಸುವುದೊಂದೇ ಬಾಕಿ.

ಮೊದಲ ಸಲ ನೋಡುವವರು ಬೀಟಾದಿಂದಲೇ ಶುರು ಮಾಡಿ. ಕಾರಣ ಸರಳ. ಕೊನೆಯಲ್ಲಿ ಹೇಳುವ 10 ದಿನದ ಅವಧಿ ದಾಟಿದರೆ, ಮೇಲಿನ ಬಿಲ್ಡ್ ನಂಬರ್‌ನಿಂದ ಕೆಳಗಿನ ನಂಬರ್‌ಗೆ ಇಳಿಯಲು ವಿಂಡೋಸ್ ಬಿಡುವುದಿಲ್ಲ. ಕೆನರಿಗೆ ಹತ್ತಿದವರು ಇಳಿಯಬೇಕಾದರೆ ಡಿಸ್ಕ್ ಒರೆಸಿ ಹೊಸದಾಗಿ ಇನ್‌ಸ್ಟಾಲ್ ಮಾಡಲೇಬೇಕು. ಹತ್ತಲು ಒಂದು ಕ್ಲಿಕ್, ಇಳಿಯಲು ಒಂದು ಇಡೀ ಭಾನುವಾರ.

ಇನ್‌ಸ್ಟಾಲ್‌ಗೆ ಮುಂಚೆ

ದಿನಾ ಕೆಲಸ ಮಾಡುವ ಒಂದೇ ಕಂಪ್ಯೂಟರ್ ಇದ್ದರೆ ಅದರ ಮೇಲೆ ನೇರವಾಗಿ ಹಾಕಬೇಡಿ. ಪ್ರೊ ಆವೃತ್ತಿ ಇದ್ದವರಿಗೆ ಒಂದು ಕಂಪ್ಯೂಟರ್‌ನೊಳಗೇ ಇನ್ನೊಂದನ್ನು (ವರ್ಚುವಲ್ ಮೆಷಿನ್) ಓಡಿಸುವ ಹೈಪರ್-ವಿ ಜೊತೆಗೇ ಬರುತ್ತದೆ, ಉಳಿದವರು ವರ್ಚುವಲ್‌ಬಾಕ್ಸ್ ಬಳಸಬಹುದು. ವರ್ಚುವಲ್ ಮೆಷಿನ್‌ನಲ್ಲಿ ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಏನೇ ಕೆಟ್ಟರೂ ಕೆಲವೇ ನಿಮಿಷದಲ್ಲಿ ಹಿಂದಿನ ಸ್ಥಿತಿಗೆ ಬರುತ್ತದೆ. ಒಂದು ಕೊರತೆ ಇದೆ: ನಿಮ್ಮ ಅಸಲಿ ಗ್ರಾಫಿಕ್ಸ್, ಸೌಂಡ್, ವೈಫೈ ಡ್ರೈವರ್‌ಗಳ ಪರೀಕ್ಷೆ ಅಲ್ಲಿ ಆಗುವುದಿಲ್ಲ. ಅದು ಬೇಕೆಂದರೆ ಬೇರೆ ಎಸ್‌ಎಸ್‌ಡಿ, ಇಲ್ಲವೇ ಬೇರೆ ಪಾರ್ಟಿಷನ್. ವಿಂಡೋಸ್ 11 ಕೇಳುವುದು ಕನಿಷ್ಠ 64 ಜಿಬಿ. ಪ್ರಿವ್ಯೂ ಬಿಲ್ಡ್‌ಗಳು ಹಳೆಯದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುವುದರಿಂದ 100 ಜಿಬಿ ಕೊಟ್ಟರೆ ಉಸಿರಾಡಬಹುದು. ಎರಡು ವಿಂಡೋಸ್ ಇಟ್ಟುಕೊಳ್ಳುವವರು ಎರಡರಲ್ಲೂ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ಒಂದು ಅರ್ಧ ನಿದ್ದೆಯಲ್ಲಿರುವಾಗ ಇನ್ನೊಂದು ಅದೇ ಡಿಸ್ಕ್‌ಗೆ ಕೈ ಹಾಕುತ್ತದೆ.

ಆಮೇಲೆ ಬ್ಯಾಕಪ್. 2009ರ ಜನವರಿಯಲ್ಲಿ ವಿಂಡೋಸ್ 7ರ ಬೀಟಾ ಬಂದಾಗ ಅದರಲ್ಲೊಂದು ವಿಚಿತ್ರ ದೋಷ ಇತ್ತು. ಎಂಪಿ3 ಹಾಡಿನ ಫೈಲ್‌ಗೆ ಮಾಹಿತಿ ಸೇರಿಸುವಾಗ ಹಾಡಿನ ಮೊದಲ ಕೆಲವು ಸೆಕೆಂಡ್ ಕತ್ತರಿಸಿ ಹೋಗುತ್ತಿತ್ತು. ಫೈಲ್ ಇದೆ, ಹಾಡೂ ಇದೆ, ಶುರುವೇ ಇಲ್ಲ! ನಿಮ್ಮ ಫೋಟೋ, ದಾಖಲೆಗಳು ಪ್ರಿವ್ಯೂ ಸಿಸ್ಟಂ ಮುಟ್ಟಲಾಗದ ಕಡೆ, ಅಂದರೆ ಬಿಚ್ಚಿಟ್ಟ ಹೊರಗಿನ ಡಿಸ್ಕ್‌ನಲ್ಲಿ ಇರಬೇಕು. ಇಡೀ ಡಿಸ್ಕ್‌ನ ಇಮೇಜ್ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಜೊತೆಗೆ ಮೂರು ವಸ್ತು ಕೈಯಲ್ಲಿರಲಿ. ಒಂದು, ಸ್ಥಿರ ವಿಂಡೋಸ್ ಇರುವ, ಬೂಟ್ ಆಗುವ ಪೆನ್‌ಡ್ರೈವ್. ಎರಡು, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ. ನಿಮ್ಮ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ ಅಂತ ನಿಮಗೇ ಗೊತ್ತಿಲ್ಲದೆ ಇರಬಹುದು. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಆ ಕೀ ಸಿಗುತ್ತದೆ, ಈಗಲೇ ಕಾಗದದ ಮೇಲೆ ಬರೆದಿಡಿ. ಕೆಟ್ಟ ಮೇಲೆ ಅದೇ ಕಂಪ್ಯೂಟರ್‌ನಲ್ಲಿ ಹುಡುಕೋಣ ಅಂದರೆ ಆಗುವುದಿಲ್ಲ ಅಲ್ವಾ? ಮೂರು, ಒಂದು ನೋಟ್‌ಬುಕ್. ಹೌದು, ಕಾಗದದ್ದೇ.

ನೋಟ್‌ಬುಕ್ ಯಾಕೆ?

ಒಮ್ಮೆ ನನ್ನ ಟಾಸ್ಕ್‌ಬಾರ್ ಎರಡು ನಿಮಿಷಕ್ಕೊಮ್ಮೆ ಮಾಯವಾಗಿ ಮತ್ತೆ ಬರುತ್ತಿತ್ತು. ಅಂದೇ ಹೊಸ ಬಿಲ್ಡ್ ಬಂದಿತ್ತು. ಬಿಲ್ಡ್ ಕೆಟ್ಟದ್ದು ಅಂತ ತೀರ್ಮಾನಿಸಿ, ಬೈದು ಫೀಡ್‌ಬ್ಯಾಕ್ ಬರೆದೆ, ಹಿಂದಿನ ಬಿಲ್ಡ್‌ಗೂ ಹೋದೆ. ಅಲ್ಲೂ ಅದೇ ಆಟ! ಕೊನೆಗೆ ನೆನಪಾಯ್ತು, ಎರಡು ದಿನ ಮುಂಚೆ ಒಂದೇ ಕೂತಲ್ಲಿ ಮೂರು ಅಡಗಿಸಿಟ್ಟ ಫೀಚರ್ ಆನ್ ಮಾಡಿದ್ದೆ. ಯಾವ ಮೂರು ಅನ್ನುವುದು ಮಾತ್ರ ನೆನಪಿಗೆ ಬರಲಿಲ್ಲ. ತಪ್ಪು ಪೂರ್ತಿ ನನ್ನದೇ. ಅವತ್ತಿನಿಂದ ಪ್ರತಿ ಬದಲಾವಣೆಗೂ ಒಂದು ಸಾಲು ಬರೆಯುತ್ತೇನೆ: ದಿನ, ಬಿಲ್ಡ್ ನಂಬರ್, ಏನು ಬದಲಿಸಿದೆ, ವಾಪಸ್ ಮಾಡುವುದು ಹೇಗೆ.

ಬಿಲ್ಡ್ ನಂಬರ್ ನೋಡಲು ವಿಂಡೋಸ್ ಕೀ ಜೊತೆ ಆರ್ ಒತ್ತಿ ‘ವಿನ್‌ವರ್’ ಅಂತ ಟೈಪ್ ಮಾಡಿ. ಚುಕ್ಕಿಗೆ ಮುಂಚಿನ ಸಂಖ್ಯೆ ಮುಖ್ಯ ಬಿಲ್ಡ್, ಚುಕ್ಕಿಯ ನಂತರದ್ದು ಅದರ ಮೇಲೆ ಬಂದ ತೇಪೆ. ಎರಡನ್ನೂ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ. ಬಿಲ್ಡ್‌ಗೆ ಅವಧಿ ಮುಗಿಯುವ ದಿನ ಇದ್ದರೆ ಅದೂ ಇಲ್ಲೇ ಕಾಣುತ್ತದೆ. ಆ ದಿನ ದಾಟಿದರೆ ಸಿಸ್ಟಂ ಪದೇ ಪದೇ ರೀಸ್ಟಾರ್ಟ್ ಆಗಿ ಕೊನೆಗೆ ಬೂಟ್ ಆಗುವುದನ್ನೇ ನಿಲ್ಲಿಸುತ್ತದೆ. ಪ್ರಿವ್ಯೂ ಹಾಕಿ ತಿಂಗಳುಗಟ್ಟಲೆ ಅಪ್‌ಡೇಟ್ ತಡೆಹಿಡಿಯುವವರು ಸಿಕ್ಕಿಬೀಳುವುದು ಇಲ್ಲೇ.

ಕೆಟ್ಟಾಗ: ಮೂವರಲ್ಲಿ ಯಾರು?

ಮೊದಲು ಬಿಲ್ಡ್‌ನ ಬಿಡುಗಡೆ ಟಿಪ್ಪಣಿ ತೆಗೆದು ‘ನೋನ್ ಇಶ್ಯೂಸ್’ ಭಾಗ ಓದಿ. ನಿಮ್ಮ ತೊಂದರೆ ಅಲ್ಲಿದ್ದರೆ ಮುಗಿಯಿತು. ನೀವು ಏನು ಮಾಡಿದರೂ ಸರಿಹೋಗಲಿಕ್ಕಿಲ್ಲ, ಮುಂದಿನ ಬಿಲ್ಡ್‌ಗೆ ಕಾಯಿರಿ. ಸುಮ್ನೆ ಅರ್ಧ ದಿನ ಹಾಳು ಮಾಡಿಕೊಳ್ಳುವುದು ಬೇಡ.

ಅಲ್ಲಿ ಇಲ್ಲದಿದ್ದರೆ ನೋಟ್‌ಬುಕ್ ತೆಗೆಯಿರಿ. ಕೊನೆಯ ಬದಲಾವಣೆಯಿಂದ ಹಿಂದಕ್ಕೆ ಒಂದೊಂದಾಗಿ ವಾಪಸ್ ಮಾಡಿ, ಪ್ರತಿ ಸಲ ರೀಸ್ಟಾರ್ಟ್ ಮಾಡಿ ನೋಡಿ. ಎರಡನ್ನು ಒಟ್ಟಿಗೆ ವಾಪಸ್ ಮಾಡಿದರೆ ಸರಿಹೋದರೂ ಯಾವುದರಿಂದ ಅಂತ ತಿಳಿಯುವುದಿಲ್ಲ.

ಮೂರನೆಯದಾಗಿ, ಹೊಸ ಯೂಸರ್ ಅಕೌಂಟ್ ಒಂದನ್ನು ಮಾಡಿ ಅದರಲ್ಲಿ ಲಾಗಿನ್ ಆಗಿ. ಅಲ್ಲಿ ಎಲ್ಲ ಸರಿ ಇದ್ದರೆ ದೋಷ ನಿಮ್ಮ ಪ್ರೊಫೈಲ್‌ನೊಳಗೇ ಎಲ್ಲೋ ಇದೆ, ಬಿಲ್ಡ್ ಬಹುಮಟ್ಟಿಗೆ ನಿರಪರಾಧಿ. ಈ ಐದು ನಿಮಿಷದ ಪರೀಕ್ಷೆಯನ್ನು ಮಾಡುವವರು ಕಡಿಮೆ, ಉಪಯೋಗ ಮಾತ್ರ ತುಂಬ ಜಾಸ್ತಿ.

ಅಲ್ಲೂ ಕೆಟ್ಟಿದ್ದರೆ ಕ್ಲೀನ್ ಬೂಟ್, ಅಂದರೆ ಹೊರಗಿನ ಪ್ರೋಗ್ರಾಂಗಳಿಲ್ಲದೆ ವಿಂಡೋಸ್ ಶುರು ಮಾಡುವುದು. ‘ಎಂಎಸ್‌ಕಾನ್ಫಿಗ್’ ತೆರೆದು ಸರ್ವಿಸಸ್ ಟ್ಯಾಬ್‌ನಲ್ಲಿ ಮೊದಲು ‘ಹೈಡ್ ಆಲ್ ಮೈಕ್ರೋಸಾಫ್ಟ್ ಸರ್ವಿಸಸ್’ಗೆ ಟಿಕ್ ಹಾಕಿ, ಆಮೇಲೆ ‘ಡಿಸೇಬಲ್ ಆಲ್’ ಒತ್ತಿ. ಈ ಕ್ರಮ ತಪ್ಪಿದರೆ ವಿಂಡೋಸ್‌ನ ಕೈಕಾಲನ್ನೇ ಕಟ್ಟಿಹಾಕಿದ ಹಾಗಾಗುತ್ತದೆ, ಹುಷಾರು. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯನ್ನೂ ಆಫ್ ಮಾಡಿ ರೀಸ್ಟಾರ್ಟ್ ಮಾಡಿ. ತೊಂದರೆ ಹೋದರೆ ಹೊರಗಿನ ಯಾವುದೋ ಪ್ರೋಗ್ರಾಂ ಕಾರಣ. ಅರ್ಧರ್ಧ ಆನ್ ಮಾಡುತ್ತಾ ಬಂದರೆ ಬೇಗ ಸಿಕ್ಕಿಬೀಳುತ್ತದೆ.

ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಅಂತ ಟೈಪ್ ಮಾಡಿದರೆ ರಿಲಯಬಿಲಿಟಿ ಮಾನಿಟರ್ ಬರುತ್ತದೆ. ದಿನ ದಿನದ ಗ್ರಾಫ್, ಯಾವ ದಿನ ಯಾವುದು ಬಿದ್ದುಹೋಯಿತು ಅನ್ನುವುದಕ್ಕೆ ಕೆಂಪು ಗುರುತು. ಕೆಂಪು ಗುರುತು ಹೊಸ ಬಿಲ್ಡ್ ಬಂದ ದಿನದಿಂದ ಶುರುವಾಗಿದೆಯಾ, ಇಲ್ಲಾ ಅದಕ್ಕೂ ಮುಂಚೆಯಾ? ವಿಂಡೋಸ್‌ನ ಎಲ್ಲ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನ ಕಾಡಿಗೆ ನುಗ್ಗುವ ಮೊದಲು ಇದನ್ನು ನೋಡಿ. ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಕಂಡು ಗಾಬರಿಯಾಗುವವರು ಬಹಳ ಜನ. ಅದು ಹೇಳುವುದು ಇಷ್ಟೇ: ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು. ಯಾಕೆ ಅಂತ ಅದಕ್ಕೂ ಗೊತ್ತಿಲ್ಲ.

ಸದ್ದು ಹೋದ ಕೇಸು

ಮೊದಲು ಹೇಳಿದ ಸ್ಪೀಕರ್ ವಿಷಯಕ್ಕೆ ಬರೋಣ. ಡಿವೈಸ್ ಮ್ಯಾನೇಜರ್ ತೆರೆಯಿರಿ. ಸೌಂಡ್ ಸಾಲಿನಲ್ಲಿ ಹಳದಿ ತ್ರಿಕೋನ ಇದ್ದರೆ ಡಬಲ್ ಕ್ಲಿಕ್ ಮಾಡಿ ಕೋಡ್ ನೋಡಿ. ಕೋಡ್ 10 ಅಂದರೆ ಸಾಧನ ಶುರುವಾಗಲಿಲ್ಲ, ಕೋಡ್ 43 ಅಂದರೆ ಸಾಧನವೇ ತೊಂದರೆ ಹೇಳಿಕೊಂಡಿದೆ.

ಡ್ರೈವರ್ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಲು ಬರುತ್ತಿದ್ದರೆ ಒತ್ತಿ. ಮಸುಕಾಗಿದ್ದರೆ ‘ಅಪ್‌ಡೇಟ್ ಡ್ರೈವರ್’, ‘ಬ್ರೌಸ್ ಮೈ ಕಂಪ್ಯೂಟರ್’, ‘ಲೆಟ್ ಮಿ ಪಿಕ್’ ಅಂತ ಒಳಗೆ ಹೋಗಿ. ಅಲ್ಲಿ ‘ಹೈ ಡೆಫಿನಿಷನ್ ಆಡಿಯೋ ಡಿವೈಸ್’ ಅನ್ನುವ ಸಾದಾ ಡ್ರೈವರ್ ಕಂಡರೆ ಆರಿಸಿ ರೀಸ್ಟಾರ್ಟ್ ಮಾಡಿ. ಸದ್ದು ಬಂತಾ? ಹಾಗಾದರೆ ಲ್ಯಾಪ್‌ಟಾಪ್ ತಯಾರಕರು ಕೊಟ್ಟ ಡ್ರೈವರ್‌ಗೂ ಈ ಬಿಲ್ಡ್‌ಗೂ ಆಗಿಬರುತ್ತಿಲ್ಲ ಅಂತ ಅರ್ಥ. ಬೇಸ್ ಸ್ವಲ್ಪ ತೆಳುವಾಗಬಹುದು, ತಯಾರಕರ ಇಕ್ವಲೈಜರ್ ಕೆಲಸ ಮಾಡದಿರಬಹುದು. ಹೊಸ ಡ್ರೈವರ್ ಬರುವವರೆಗೆ ಅದರಲ್ಲೇ ತಳ್ಳಿ. ಸಾದಾ ಡ್ರೈವರ್ ಹಾಕಿದರೂ ಸದ್ದಿಲ್ಲದಿದ್ದರೆ ಅನುಮಾನ ಬಿಲ್ಡ್ ಕಡೆ ವಾಲುತ್ತದೆ. ಗ್ರಾಫಿಕ್ಸ್, ವೈಫೈಗೂ ಇದೇ ಉಪಾಯ: ಸಾದಾ ಡ್ರೈವರ್ ಸಿಕ್ಕರೆ ಹಾಕಿ ನೋಡಿ.

ಸಿಸ್ಟಂ ಫೈಲ್‌ಗಳೇ ಹಾಳಾಗಿರುವ ಅನುಮಾನ ಇದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಟರ್ಮಿನಲ್ ತೆರೆದು ಎರಡು ಕಮಾಂಡ್. ಮೊದಲು ‘ಡಿಐಎಸ್‌ಎಂ, ಸ್ಲ್ಯಾಷ್ ಆನ್‌ಲೈನ್, ಸ್ಲ್ಯಾಷ್ ಕ್ಲೀನಪ್-ಇಮೇಜ್, ಸ್ಲ್ಯಾಷ್ ರಿಸ್ಟೋರ್‌ಹೆಲ್ತ್’, ಆಮೇಲೆ ‘ಎಸ್‌ಎಫ್‌ಸಿ, ಸ್ಲ್ಯಾಷ್ ಸ್ಕ್ಯಾನ್‌ನೌ’. ಪ್ರತಿ ಸ್ಲ್ಯಾಷ್‌ಗೆ ಮುಂಚೆ ಒಂದು ಖಾಲಿ ಜಾಗ, ನಂತರ ಜಾಗ ಬೇಡ. ಎಸ್‌ಎಫ್‌ಸಿ ಒಳ್ಳೆಯ ಫೈಲ್‌ಗಳನ್ನು ತರುವುದು ಡಿಐಎಸ್‌ಎಂ ಸರಿಮಾಡುವ ಉಗ್ರಾಣದಿಂದಲೇ, ಅದಕ್ಕೇ ಈ ಕ್ರಮ.

ಹಸಿರು ಸ್ಕ್ರೀನ್

ಸ್ಥಿರ ವಿಂಡೋಸ್ ಕುಸಿದರೆ ನೀಲಿ ಸ್ಕ್ರೀನ್ ಬರುತ್ತಿತ್ತು, 2025ರಿಂದ ಅದು ಕಪ್ಪಾಗಿದೆ. ಇನ್‌ಸೈಡರ್ ಬಿಲ್ಡ್ ಕುಸಿದರೆ ಹಸಿರು. ದೂರು ಪ್ರಿವ್ಯೂನದಾ ಅಲ್ಲವಾ ಅಂತ ಒಂದೇ ನೋಟಕ್ಕೆ ತಿಳಿಯಲು ಈ ಬಣ್ಣ. ಬಂದ ಕೂಡಲೇ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಬೇಕಾದದ್ದು ಎರಡು ಸಾಲು: ಸ್ಟಾಪ್ ಕೋಡ್, ಮತ್ತು ಇದ್ದರೆ ‘ವಾಟ್ ಫೇಲ್ಡ್’ ಮುಂದಿನ ಫೈಲ್ ಹೆಸರು. ‘ವಿಡಿಯೋ ಟಿಡಿಆರ್ ಫೇಲ್ಯೂರ್’ ಅಂದರೆ ಗ್ರಾಫಿಕ್ಸ್ ಕಡೆ ನೋಡಿ. ಫೈಲ್ ಹೆಸರನ್ನು ಹುಡುಕಿದರೆ ಯಾವ ಕಂಪನಿಯ ಡ್ರೈವರ್ ಅಂತ ಸಿಗುತ್ತದೆ.

ಹೆಸರು ಬರದಿದ್ದರೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನೊಳಗೆ ‘ಮಿನಿಡಂಪ್’ ಫೋಲ್ಡರ್ ನೋಡಿ, ಕುಸಿದ ಕ್ಷಣದ ದಾಖಲೆಯ ಫೈಲ್ (ಡಂಪ್) ಅಲ್ಲಿರುತ್ತದೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಉಚಿತವಾಗಿ ಸಿಗುವ ವಿನ್‌ಡಿಬಿಜಿಯಲ್ಲಿ ಆ ಫೈಲ್ ತೆರೆದು, ಆಶ್ಚರ್ಯ ಚಿಹ್ನೆ ಹಾಕಿ ‘ಅನಲೈಜ್’, ಜಾಗ ಬಿಟ್ಟು ‘ಡ್ಯಾಷ್ ವಿ’ ಅಂತ ಕೊಡಿ. ಪುಟಗಟ್ಟಲೆ ಸುರಿಯುತ್ತದೆ, ಹೆದರಬೇಡಿ. ‘ಇಮೇಜ್ ನೇಮ್’ ಸಾಲು ಮಾತ್ರ ಹುಡುಕಿ. ಅಲ್ಲಿ ವಿಂಡೋಸ್‌ನ ತಿರುಳಾದ ಕರ್ನಲ್‌ನ ಹೆಸರೇ, ಅಂದರೆ ‘ಎನ್‌ಟಿ’ಯಿಂದ ಶುರುವಾಗುವ ಹೆಸರು ಬಂದರೆ ತಕ್ಷಣ ಬಿಲ್ಡ್‌ಗೆ ಬೈಯಬೇಡಿ. ಕೆಟ್ಟ ಡ್ರೈವರ್ ಮೆಮೊರಿ ಹಾಳು ಮಾಡಿ ಹೋಗಿರುತ್ತದೆ, ಕರ್ನಲ್ ಅದನ್ನು ಆಮೇಲೆ ಎಡವಿರುತ್ತದೆ. ಎರಡು ಮೂರು ಡಂಪ್ ಹೋಲಿಸಿ. ಪ್ರತಿ ಸಲ ಬೇರೆ ಬೇರೆ ಹೆಸರು ಬಂದರೆ ‘ಎಂಡಿಶೆಡ್’ ಓಡಿಸಿ ರ‍್ಯಾಮ್ ಪರೀಕ್ಷೆ ಮಾಡಿ.

ಬೂಟ್ ಆಗುತ್ತಿಲ್ಲ

1. ವಿಂಡೋಸ್ ಲೋಗೋ ಬಂದ ತಕ್ಷಣ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಸಲ ಮಾಡಿ. ಮೂರನೇ ಸಲ ಸಾಮಾನ್ಯವಾಗಿ ರಿಕವರಿ ಪರದೆ ತಾನಾಗಿಯೇ ಬರುತ್ತದೆ. ಬರದಿದ್ದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ‘ರಿಪೇರ್’ ಆರಿಸಿ.

2. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್. ಮೊದಲು ‘ಸ್ಟಾರ್ಟಪ್ ರಿಪೇರ್’ಗೆ ಒಂದು ಅವಕಾಶ ಕೊಡಿ, ಒಂದೇ.

3. ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ಇಲ್ಲಿ ಎರಡು ಆಯ್ಕೆ. ಬಿಲ್ಡ್‌ನ ಮುಖ್ಯ ನಂಬರ್ ಬದಲಾಗಿದ್ದರೆ ಫೀಚರ್ ಅಪ್‌ಡೇಟ್, ಚುಕ್ಕಿಯ ನಂತರದ್ದಷ್ಟೇ ಬದಲಾಗಿದ್ದರೆ ಕ್ವಾಲಿಟಿ ಅಪ್‌ಡೇಟ್. ನೋಟ್‌ಬುಕ್‌ನಲ್ಲಿ ಎರಡೂ ಬರೆದಿಟ್ಟದ್ದು ಇದಕ್ಕೇ.

4. ಡ್ರೈವರ್ ಮೇಲೆ ಅನುಮಾನ ಇದ್ದರೆ ‘ಸ್ಟಾರ್ಟಪ್ ಸೆಟ್ಟಿಂಗ್ಸ್’, ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಅತಿ ಅಗತ್ಯದ ಡ್ರೈವರ್‌ಗಳಷ್ಟೇ ಓಡುವ ಸೇಫ್ ಮೋಡ್, 5 ಒತ್ತಿದರೆ ಇಂಟರ್‌ನೆಟ್ ಸಹಿತ ಸೇಫ್ ಮೋಡ್.

ಯಾವುದೂ ಆಗಲಿಲ್ಲ, ಫೈಲ್‌ಗಳು ಒಳಗೇ ಉಳಿದಿವೆ ಅಂದರೆ ಒಂದು ಹಳೆಯ ಕೈಚಳಕ ಇದೆ. ರಿಕವರಿಯ ಕಮಾಂಡ್ ಪ್ರಾಂಪ್ಟ್ ತೆರೆದು ‘ನೋಟ್‌ಪ್ಯಾಡ್’ ಅಂತ ಟೈಪ್ ಮಾಡಿ. ಫೈಲ್ ಮೆನುವಿನಿಂದ ಓಪನ್ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿ. ತೆರೆದ ಆ ಪುಟ್ಟ ಕಿಟಕಿಯಲ್ಲೇ ಫೋಲ್ಡರ್‌ಗಳನ್ನು ರೈಟ್ ಕ್ಲಿಕ್ ಮಾಡಿ ಕಾಪಿ ಮಾಡಿ ಪೆನ್‌ಡ್ರೈವ್‌ಗೆ ಪೇಸ್ಟ್ ಮಾಡಬಹುದು. ಪ್ರಗತಿ ತೋರಿಸುವ ಪಟ್ಟಿ ಕಾಣದೆ ಹೆಪ್ಪುಗಟ್ಟಿದ ಹಾಗೆ ಅನ್ನಿಸಬಹುದು, ತಾಳ್ಮೆ ಇರಲಿ. ಇಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರುತ್ತವೆ, ನಿಮ್ಮ ಸಿ ಇಲ್ಲಿ ಡಿ ಆಗಿರಬಹುದು. ಬಿಟ್‌ಲಾಕರ್ ಇದ್ದರೆ ಆ 48 ಅಂಕಿ ಕೇಳುವುದು ಈ ಹೊತ್ತಿನಲ್ಲೇ.

ಬಿಲ್ಡೇ ಇನ್‌ಸ್ಟಾಲ್ ಆಗುತ್ತಿಲ್ಲ

ಎರರ್ ಕೋಡ್ ನೋಡಿ. ಸೊನ್ನೆ-ಎಕ್ಸ್ ಆದಮೇಲೆ 80070070 ಇದ್ದರೆ ಡಿಸ್ಕ್‌ನಲ್ಲಿ ಜಾಗ ಇಲ್ಲ. ಸಿ1900101 ಇದ್ದರೆ ಬಹುಪಾಲು ಡ್ರೈವರ್ ಗಲಾಟೆ. ಮೌಸ್, ಕೀಬೋರ್ಡ್ ಬಿಟ್ಟು ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ ಕಿತ್ತು, ಹೊರಗಿನ ಆಂಟಿವೈರಸ್ ತೆಗೆದು ಮತ್ತೆ ಪ್ರಯತ್ನಿಸಿ. ಡೌನ್‌ಲೋಡ್ ಒಂದೇ ಶೇಕಡಾದಲ್ಲಿ ನಿಂತುಬಿಟ್ಟರೆ ವಿಂಡೋಸ್ ಅಪ್‌ಡೇಟ್ ಮತ್ತು ಹಿನ್ನೆಲೆಯಲ್ಲಿ ಡೌನ್‌ಲೋಡ್ ಮಾಡುವ ಬಿಟ್ಸ್ ಸರ್ವಿಸ್ ಎರಡನ್ನೂ ನಿಲ್ಲಿಸಿ, ವಿಂಡೋಸ್ ಫೋಲ್ಡರ್‌ನಲ್ಲಿರುವ ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಫೋಲ್ಡರ್‌ನ ಹೆಸರು ಬದಲಿಸಿ ರೀಸ್ಟಾರ್ಟ್ ಮಾಡಿ. ಹೊಸದು ತಾನಾಗಿಯೇ ಹುಟ್ಟುತ್ತದೆ.

ಟ್ವೀಕ್ ಮಾಡುವ ಆಸೆ

ಪ್ರಿವ್ಯೂ ಹಾಕುವವರ ಕೈ ಸುಮ್ಮನಿರುವುದಿಲ್ಲ, ನನಗೂ ಗೊತ್ತು. ಮೊದಲು ಸಿಸ್ಟಂ ಪ್ರೊಟೆಕ್ಷನ್ ಆನ್ ಇದೆಯಾ ನೋಡಿ ಹಿಂದಿನ ಸ್ಥಿತಿಗೆ ಬರಲು ರಿಸ್ಟೋರ್ ಪಾಯಿಂಟ್ ಮಾಡಿ. ಸೆಟ್ಟಿಂಗ್‌ಗಳ ಉಗ್ರಾಣವಾದ ರಿಜಿಸ್ಟ್ರಿಗೆ ಕೈ ಹಾಕುವ ಮುನ್ನ ನೀವು ಬದಲಿಸಲಿರುವ ಕೀಯನ್ನು (ಅದರೊಳಗಿನ ಫೋಲ್ಡರ್) ಎಕ್ಸ್‌ಪೋರ್ಟ್ ಮಾಡಿ, ಫೈಲ್ ಹೆಸರಲ್ಲಿ ದಿನಾಂಕ ಹಾಕಿ.

‘ಟಿಪ್ಪಣಿಯಲ್ಲಿ ಹೊಸ ಫೀಚರ್ ಅಂದಿದ್ದಾರೆ, ನನ್ನಲ್ಲಿ ಕಾಣುತ್ತಿಲ್ಲ’ ಅನ್ನುವ ದೂರು ಎಲ್ಲರದ್ದೂ. ಮೈಕ್ರೋಸಾಫ್ಟ್ ಒಂದೇ ಬಿಲ್ಡ್‌ನಲ್ಲೂ ಫೀಚರ್‌ಗಳನ್ನು ಸ್ವಲ್ಪ ಸ್ವಲ್ಪ ಜನರಿಗೆ ಹಂತ ಹಂತವಾಗಿ ಆನ್ ಮಾಡುತ್ತದೆ. ಕೋಡ್ ನಿಮ್ಮಲ್ಲೂ ಇರುತ್ತದೆ, ಸ್ವಿಚ್ ಆಫ್ ಇರುತ್ತದೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಹೊಸತನ್ನು ಬೇಗ ಪಡೆಯುವ ಟಾಗಲ್ ಆನ್ ಮಾಡುವುದು ಅಧಿಕೃತ ದಾರಿ. ಅಡ್ಡದಾರಿ ‘ವಿವೆಟೂಲ್’. ಅದು ಗಿಟ್‌ಹಬ್‌ನಲ್ಲಿ ಸಿಗುವ ಪುಟ್ಟ ಕಮಾಂಡ್ ಸಾಧನ. ಫೀಚರ್‌ನ ಐಡಿ ಸಂಖ್ಯೆ ಕೊಟ್ಟು ‘ಎನೇಬಲ್’ ಅಂದರೆ ಆನ್, ‘ರೀಸೆಟ್’ ಅಂದರೆ ಮೊದಲಿನ ಹಾಗೆ. ಒಂದು ಸಲಕ್ಕೆ ಒಂದೇ ಐಡಿ. ರೀಸ್ಟಾರ್ಟ್ ಮಾಡಿ. ಒಂದು ದಿನ ಬಳಸಿ ನೋಡಿ. ಆಮೇಲೆ ಇನ್ನೊಂದು. ಎಕ್ಸ್‌ಪ್ಲೋರರ್ ಬಿದ್ದು ಖಾಲಿ ಪರದೆ ಉಳಿದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತರಿಸಿ, ‘ರನ್ ನ್ಯೂ ಟಾಸ್ಕ್’ನಿಂದ ಟರ್ಮಿನಲ್ ತೆರೆದು ವಿವೆಟೂಲ್‌ಗೆ ‘ಫುಲ್‌ರೀಸೆಟ್’ ಕೊಡಿ.

ವಿಂಡೋಸ್ ಹಗುರ ಮಾಡುತ್ತೇವೆ ಅನ್ನುವ ರೆಡಿಮೇಡ್ ಸ್ಕ್ರಿಪ್ಟ್‌ಗಳನ್ನು ಪ್ರಿವ್ಯೂ ಮೇಲೆ ಓಡಿಸಬೇಡಿ. ಒಂದೇ ಏಟಿಗೆ ನೂರು ಕಡೆ ಕತ್ತರಿ ಹಾಕಿದರೆ ನೋಟ್‌ಬುಕ್‌ನಲ್ಲಿ ಏನಂತ ಬರೆಯುತ್ತೀರಿ?

ದೂರು ಬರೆಯುವುದು

2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಅಪ್‌ಡೇಟ್ ಬಂತು. ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರ್‌ನ ಫೈಲ್‌ಗಳೇ ಅಳಿಸಿಹೋದವು. ಕೆಲವೇ ದಿನದಲ್ಲಿ ಅದನ್ನು ನಿಲ್ಲಿಸಿ, ಸರಿಮಾಡಿ ನವೆಂಬರ್ 13ಕ್ಕೆ ಮತ್ತೆ ಬಿಟ್ಟರು. ಬೇಜಾರಿನ ಸಂಗತಿ ಅಂದರೆ, ಇನ್‌ಸೈಡರ್‌ಗಳಲ್ಲಿ ಕೆಲವರು ಮೊದಲೇ ಇದನ್ನು ಬರೆದಿದ್ದರು. ಹೆಚ್ಚು ಓಟು ಬೀಳದೆ ದೂರು ಕೆಳಗೆಲ್ಲೋ ಹೂತುಹೋಗಿತ್ತು. ಆಮೇಲೆಯೇ ದೂರು ಬರೆಯುವ ಆ್ಯಪ್ ಆದ ಫೀಡ್‌ಬ್ಯಾಕ್ ಹಬ್‌ನಲ್ಲಿ ತೊಂದರೆ ಎಷ್ಟು ಗಂಭೀರ ಅಂತ ಹೇಳುವ ಆಯ್ಕೆ ಸೇರಿಸಿದ್ದು.

ವಿಂಡೋಸ್ ಕೀ ಜೊತೆ ಎಫ್ ಒತ್ತಿದರೆ ಹಬ್ ತೆರೆಯುತ್ತದೆ. ಮೊದಲು ಹುಡುಕಿ, ಅದೇ ದೂರು ಇದ್ದರೆ ಓಟು ಹಾಕಿ. ಹೊಸದಾದರೆ ಶೀರ್ಷಿಕೆಯಲ್ಲೇ ಏನಾಗುತ್ತದೆ ಅಂತ ಇರಲಿ. ‘ಸೌಂಡ್ ಕೆಲಸ ಮಾಡ್ತಿಲ್ಲ’ ಅಂದರೆ ಯಾರಿಗೂ ಉಪಯೋಗ ಇಲ್ಲ. ‘ನಿದ್ದೆಯಿಂದ ಎದ್ದ ಮೇಲೆ ಹೆಡ್‌ಫೋನ್ ಸದ್ದು ಹೋಗುತ್ತದೆ, ಸಾದಾ ಡ್ರೈವರ್‌ನಲ್ಲೂ ಹೀಗೇ’ ಅಂದರೆ ಅರ್ಧ ತನಿಖೆ ನೀವೇ ಮಾಡಿಕೊಟ್ಟ ಹಾಗೆ. ‘ರೀಕ್ರಿಯೇಟ್ ಮೈ ಪ್ರಾಬ್ಲಂ’ ಒತ್ತಿ ತೊಂದರೆಯನ್ನು ಇನ್ನೊಮ್ಮೆ ಮಾಡಿ ತೋರಿಸಿದರೆ ಬೇಕಾದ ಲಾಗ್ ಜೊತೆಗೇ ಹೋಗುತ್ತದೆ.

ವಾಪಸ್ ಬರುವ ದಾರಿ

ಹೊಸ ಬಿಲ್ಡ್ ಹಾಕಿದ ಮೇಲೆ 10 ದಿನದೊಳಗೆ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿಗೆ ಹೋಗಿ ‘ಗೋ ಬ್ಯಾಕ್’ ಒತ್ತಿದರೆ ಹಿಂದಿನ ಬಿಲ್ಡ್ ಸಿಗುತ್ತದೆ. ಅದು ನಿಂತಿರುವುದು ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರ್ ಮೇಲೆ. ಜಾಗ ಮಾಡೋಣ ಅಂತ ಡಿಸ್ಕ್ ಕ್ಲೀನಪ್‌ನಲ್ಲಿ ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್’ ಅಳಿಸಿದರೆ ದಾರಿ ಮುಚ್ಚಿತು. 10 ದಿನ ಸಾಲದು ಅನ್ನುವವರು, ಇನ್‌ಸ್ಟಾಲ್ ಆದ ತಕ್ಷಣ ‘ಡಿಐಎಸ್‌ಎಂ, ಸ್ಲ್ಯಾಷ್ ಆನ್‌ಲೈನ್, ಸ್ಲ್ಯಾಷ್ ಸೆಟ್-ಓಎಸ್‌ಅನ್‌ಇನ್‌ಸ್ಟಾಲ್‌ವಿಂಡೋ, ಸ್ಲ್ಯಾಷ್ ವ್ಯಾಲ್ಯೂ’, ಕೋಲನ್ ಹಾಕಿ 30 ಕೊಡಬಹುದು. 60 ದಿನದವರೆಗೂ ಹೋಗುತ್ತದೆ.

ಪೂರ್ತಿ ಹೊರಬರಬೇಕಾದರೆ ಇನ್‌ಸೈಡರ್ ಪುಟದಲ್ಲಿ ‘ಸ್ಟಾಪ್ ಗೆಟಿಂಗ್ ಪ್ರಿವ್ಯೂ ಬಿಲ್ಡ್ಸ್’ ಇದೆ. ಬೀಟಾ, ರಿಲೀಸ್ ಪ್ರಿವ್ಯೂನಲ್ಲಿದ್ದವರು ಮುಂದಿನ ಸ್ಥಿರ ಆವೃತ್ತಿ ಬಂದಾಗ ಹೊರಬರುವ ಆಯ್ಕೆ ಆನ್ ಮಾಡಿ ಕಾದರೆ ಸಾಕು. ಡೆವ್‌ನಲ್ಲಿದ್ದವರು ಬಿಲ್ಡ್ ನಂಬರ್ ಮೇಲೆ ಕಣ್ಣಿಡಿ. ಆಗಾಗ ಡೆವ್ ಮತ್ತು ಬೀಟಾ ಒಂದೇ ನಂಬರ್‌ಗೆ ಬಂದು ನಿಲ್ಲುತ್ತವೆ, ಆ ಹೊತ್ತಿನಲ್ಲಿ ಏನೂ ಒರೆಸದೆ ಬೀಟಾಕ್ಕೆ ದಾಟಬಹುದು. ಡೆವ್‌ಗೆ ಅದಕ್ಕಿಂತ ಮೇಲಿನ ನಂಬರ್ ಇನ್‌ಸ್ಟಾಲ್ ಆದರೆ ಆ ಬಾಗಿಲು ಹಾಕಿತು. ಬಾಗಿಲು ತೆರೆದಿರುವ ಸುದ್ದಿ ಬಿಡುಗಡೆ ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಬರುತ್ತದೆ. ಓದಿದ ಕೂಡಲೇ ಅಪ್‌ಡೇಟ್ ತಡೆಹಿಡಿಯಿರಿ, ಆಮೇಲೆ ನಿಧಾನವಾಗಿ ಯೋಚಿಸಿ.